ಮೊದಲ ಬಲ್ಬು ಕರೆಂಟ್ ತಿಂದರೆ ಎರಡನೇದಕ್ಕೆ ಏನು ಉಳಿಯುತ್ತೆ?

ಸಿಂಧನೂರು_ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ಕ್ಲಾಸು. ವಿಜ್ಞಾನದಲ್ಲಿ ವಿದ್ಯುತ್ ಪಾಠ ನಡೆಯುತ್ತಿದೆ, ಮನೆಯಲ್ಲಿ ಜಗಳವೂ ನಡೆಯುತ್ತಿದೆ. ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಜೋಡಿಸಿದರೆ ಎರಡರಲ್ಲೂ ಹರಿಯುವ ಕರೆಂಟ್ ಒಂದೇ ಎಂದು ಪುಸ್ತಕದಲ್ಲಿದೆ. ಅವಳ ಅಪ್ಪ ಒಪ್ಪುತ್ತಿಲ್ಲ. "ಬಲ್ಬು ಉರೀಬೇಕು ಅಂದ್ರೆ ಏನಾದ್ರೂ ಖರ್ಚಾಗಲೇಬೇಕು. ಮೊದಲನೇದು ಒಂದಷ್ಟು ತಿಂದ ಮೇಲೆ ಎರಡನೇದಕ್ಕೂ ಅಷ್ಟೇ ಎಲ್ಲಿಂದ ಬರುತ್ತೆ? ನಮ್ಮ ಕಾಲುವೆ ನೋಡು" ಅನ್ನುತ್ತಾರೆ. ಮಗಳು ಪುಸ್ತಕ ತೋರಿಸುತ್ತಾಳೆ, ಅವರು ಗೋಡೆ ಮೇಲಿನ ಮೀಟರ್ ತೋರಿಸುತ್ತಾರೆ. ಖರ್ಚೇ ಆಗದಿದ್ದರೆ ಬಿಲ್ ಯಾಕೆ ಬರುತ್ತೆ ಅಂತ.

ಸೂತ್ರ ಬೇಡ. ಸೂತ್ರ ಅವಳಿಗೆ ಬಾಯಿಪಾಠ ಇದೆ. ಅಪ್ಪನಿಗೆ ಅರ್ಥ ಆಗುವ ಹಾಗೆ ಯಾರಾದರೂ ಹೇಳಿ.

ಮಾನ್ವಿ_ಕೊನೆಭಾಗ
ನಾನು ನಿಮ್ಮ ಯಜಮಾನರ ಪಕ್ಷ. ತುಂಗಭದ್ರಾ ಎಡದಂಡೆ ಕಾಲುವೆ ನಂಬಿಕೊಂಡವರಿಗೆ ಇದನ್ನು ಪುಸ್ತಕ ಹೇಳಿಕೊಡಬೇಕಾಗಿಲ್ಲ. ಮುನಿರಾಬಾದಿನ ಡ್ಯಾಮಿನಲ್ಲಿ ಬಿಟ್ಟ ನೀರು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನಮ್ಮ ಹತ್ತಿರ ಬರುವಷ್ಟರಲ್ಲಿ ಏನು ಉಳಿದಿರುತ್ತದೆ ಅಂತ ನಮಗೆ ಗೊತ್ತು. ಮೇಲಿನವರು ಭತ್ತ ಹಚ್ಚುತ್ತಾರೆ, ನಾವು ಮೋಡ ನೋಡುತ್ತೇವೆ. ಸಾಲಿನ ಕೊನೆ ಬಲ್ಬಿನ ಹಣೆಬರಹವೂ ಅಷ್ಟೇ ಅಲ್ವಾ?

ಕುಷ್ಟಗಿ_ಮಾಸ್ತರ್
ಕಾಲುವೆಯ ಮಾತು ಬಂದದ್ದು ಒಳ್ಳೆಯದೇ ಆಯಿತು. ನಮ್ಮ ಕಡೆ ಮಕ್ಕಳು ಈ ಪಾಠದಲ್ಲಿ ಎಡವುವುದಕ್ಕೆ ಅರ್ಧ ಕಾರಣ ಕಾಲುವೆಯೇ ಅಂತ ನನಗೆ ಅನ್ನಿಸುತ್ತದೆ.

ತೂಬಿನಿಂದ ಗದ್ದೆಗೆ ಇಳಿದ ನೀರು ಕಾಲುವೆಗೆ ವಾಪಸ್ ಬರುವುದಿಲ್ಲ. ಸರ್ಕೀಟಿನಲ್ಲಿ ಹಾಗಲ್ಲ. ಯಜಮಾನರಿಗೆ ಒಂದು ಪ್ರಶ್ನೆ ಕೇಳಿ ನೋಡಿ: ಬಲ್ಬಿಗೆ ಎರಡು ವೈರ್ ಯಾಕೆ? ಬಂದದ್ದನ್ನೆಲ್ಲ ತಿಂದು ಮುಗಿಸುವುದಾದರೆ ಒಂದೇ ಸಾಕಾಗಿತ್ತು. ಒಂದರಲ್ಲಿ ಎಷ್ಟು ಚಾರ್ಜ್ ಒಳಗೆ ಬಂತೋ ಅಷ್ಟೇ ಇನ್ನೊಂದರಲ್ಲಿ ಹೊರಗೆ ಹೋಗುತ್ತದೆ. 1 ಆಂಪಿಯರ್ ಅಂದರೆ ಸೆಕೆಂಡಿಗೆ 1 ಕೂಲಂಬ್ ಚಾರ್ಜ್ ದಾಟುವುದು. ಎಲೆಕ್ಟ್ರಾನ್ ಲೆಕ್ಕದಲ್ಲಿ 6ರ ಮುಂದೆ 18 ಸೊನ್ನೆ ಹಾಕಿ, ಅದಕ್ಕೂ ಸ್ವಲ್ಪ ಜಾಸ್ತಿ. ಇದರಲ್ಲಿ ಒಂದು ಪಾಲನ್ನು ಮೊದಲ ಬಲ್ಬು ಇಟ್ಟುಕೊಂಡಿತು ಅನ್ನೋಣ. ಎಲ್ಲಿ ಇಟ್ಟುಕೊಂಡಿತು? ಸಂಜೆಯಿಂದ ಬೆಳಗಿನವರೆಗೆ ಉರಿದ ಬಲ್ಬಿನೊಳಗೆ ಅದೆಲ್ಲ ಜಮಾ ಆಗಿರಬೇಕಲ್ಲ?

ಖರ್ಚಾಗುವುದು ಶಕ್ತಿ. ವೋಲ್ಟ್ ಅಂದರೆ ಅದರ ಲೆಕ್ಕವೇ. ಬಲ್ಬಿನ ಎರಡು ತುದಿಗಳ ನಡುವೆ 2 ವೋಲ್ಟ್ ಇದ್ದರೆ, ದಾಟುವ ಪ್ರತಿ ಕೂಲಂಬ್ ಅಲ್ಲಿ 2 ಜೌಲ್ ಶಕ್ತಿ ಕೊಟ್ಟು ಮುಂದೆ ಹೋಗುತ್ತದೆ. ಕೂಲಂಬ್ ಹೋಗುತ್ತದೆ, ಜೌಲ್ ಉಳಿಯುತ್ತದೆ, ಬೆಳಕು ಮತ್ತು ಬಿಸಿಯಾಗಿ. ನಿಮ್ಮ ಮೀಟರ್ ಬರೆದುಕೊಳ್ಳುವುದೂ ಜೌಲನ್ನೇ. 1 ಯೂನಿಟ್ ಅಂದರೆ 1 ಕಿಲೋವ್ಯಾಟ್ ಗಂಟೆ, ಅಂದರೆ 36 ಲಕ್ಷ ಜೌಲ್. ಹಾಗಾಗಿ ಬಿಲ್ಲಿನ ಬಗ್ಗೆ ಯಜಮಾನರು ಹೇಳುವುದು ಸರಿ, ಏನೋ ಖರ್ಚಾಗಿದೆ. ಆದರೆ ಅದು ಆಂಪಿಯರ್ ಅಲ್ಲ.

ಮಾನ್ವಿ_ಕೊನೆಭಾಗ
ಮಾಸ್ತರ್, ಒಂದರ ಜೊತೆ ಇನ್ನೊಂದು ಬಲ್ಬ್ ಸೇರಿಸಿದರೆ ಮಂಕಾಗುವುದು ಕಣ್ಣಿಗೆ ಕಾಣುತ್ತದೆ. ಅದು ಕರೆಂಟ್ ಕಡಿಮೆಯಾದದ್ದು ತಾನೇ?

ಕುಷ್ಟಗಿ_ಮಾಸ್ತರ್
ಹೌದು, ಕಡಿಮೆಯಾಗಿದೆ. ಆದರೆ ಎಲ್ಲಿ ಕಡಿಮೆಯಾಗಿದೆ ನೋಡಿ. ಎರಡನೇದನ್ನು ಸೇರಿಸಿದ ಕೂಡಲೇ ಮೊದಲನೇದೂ ಮಂಕಾಯಿತು! ಕಾಲುವೆಯಲ್ಲಿ ನೀವು ಮಾನ್ವಿಯಲ್ಲಿ ಹೊಸದಾಗಿ ಒಂದು ಎಕರೆ ಭತ್ತ ಹಚ್ಚಿದರೆ ಗಂಗಾವತಿಯವರಿಗೆ ನೀರು ಕಡಿಮೆ ಆಗುತ್ತದೆಯೇ? ಸರಣಿಯಲ್ಲಿ ಆಗುತ್ತದೆ. ಇಡೀ ಸುತ್ತಿನ ರೋಧ, ಅಂದರೆ ಕರೆಂಟಿಗೆ ಇರುವ ತಡೆ, ಹೆಚ್ಚಾಯಿತು, ಇಡೀ ಸುತ್ತಿನ ಕರೆಂಟ್ ಇಳಿಯಿತು. ಮೊದಲು, ಕೊನೆ ಅನ್ನುವುದೇ ಅಲ್ಲಿಲ್ಲ.

ವೈಂಡಿಂಗ್_ಗಂಗಾವತಿ
ನಾನು ಓದಿದ್ದು ಕಡಿಮೆ. ಆದರೆ ಈ ವಿಷಯ ನಮ್ಮ ಅಂಗಡಿಯಲ್ಲಿ ದಿನಾ ಕಾಣುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೋಟರ್ ಕಟ್ಟುವ ಯಾವ ಅಂಗಡಿಗೆ ಹೋದರೂ ಗೋಡೆಗೆ ಒಂದು ಹಲಗೆ ಇರುತ್ತದೆ. ಹಲಗೆ ಮೇಲೆ ಒಂದು ಹೋಲ್ಡರ್, ಅದರಲ್ಲಿ 100 ವ್ಯಾಟಿನ ಹಳೇ ಕಾಲದ ಗಾಜಿನ ಬಲ್ಬ್, ಪಕ್ಕದಲ್ಲಿ ಒಂದು ಸಾಕೆಟ್. ಫೇಸ್ ನೇರವಾಗಿ ಸಾಕೆಟ್ಟಿಗೆ ಹೋಗುವುದಿಲ್ಲ, ಬಲ್ಬ್ ದಾಟಿ ಹೋಗುತ್ತದೆ. ಸೀರೀಸ್ ಬೋರ್ಡ್ ಅನ್ನುತ್ತೇವೆ. ರಿಪೇರಿಗೆ ಬಂದ ಮಿಕ್ಸಿಯೋ ಫ್ಯಾನೋ ಮೊದಲು ಇದಕ್ಕೇ. ಒಳಗೆ ವೈರ್ ತುಂಡಾಗಿದ್ದರೆ ಬಲ್ಬ್ ಹತ್ತುವುದಿಲ್ಲ. ಒಳಗೆ ಶಾರ್ಟ್ ಆಗಿದ್ದರೆ ಬಲ್ಬ್ ಫುಲ್ ಹತ್ತುತ್ತದೆ, ಅಷ್ಟೇ. ಫ್ಯೂಸ್ ಹಾರುವುದಿಲ್ಲ, ಯಾಕೆಂದರೆ ಆ ಬಲ್ಬ್ ಅರ್ಧ ಆಂಪಿಯರ್ ಕೂಡ ಬಿಡುವುದಿಲ್ಲ.

ಈಗ ಚೆನ್ನಾಗಿರುವ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯನ್ನು ಅದೇ ಸಾಕೆಟ್ಟಿಗೆ ಹಾಕಿದರೆ ಏನಾಗುತ್ತದೆ ಗೊತ್ತಾ? ಬಲ್ಬ್ ಹೆಚ್ಚೂಕಡಿಮೆ ಪೂರ್ತಿ ಬೆಳಗುತ್ತದೆ. ಪೆಟ್ಟಿಗೆ ತಣ್ಣಗೆ ಕೂತಿರುತ್ತದೆ. ಕೈ ಇಟ್ಟರೆ ಬೆಚ್ಚಗೂ ಅನ್ನಿಸುವುದಿಲ್ಲ. ಕೆಲಸಕ್ಕೆ ಹೊಸದಾಗಿ ಬಂದ ಹುಡುಗರು "ಅಣ್ಣಾ, ಕಾಯಿಲ್ ಹೋಗಿದೆ" ಅನ್ನುತ್ತಾರೆ. ಕಾಯಿಲಿಗೆ ಏನೂ ಆಗಿರುವುದಿಲ್ಲ.

ಸಿಂಧನೂರು_ಅಮ್ಮ
ಇದನ್ನು ಓದಿ ಹೇಳಿದೆ. ಯಜಮಾನರು ನಕ್ಕರು. "ನೋಡಿದ್ಯಾ, ಬಲ್ಬ್ ಮೊದಲು ಬಂತು, ಅದೇ ಎಲ್ಲ ತಿಂತು, ಇಸ್ತ್ರಿಗೆ ಏನೂ ಉಳೀಲಿಲ್ಲ" ಅಂತ.

ವೈಂಡಿಂಗ್_ಗಂಗಾವತಿ
ಅಕ್ಕಾ, ಫೇಸ್ ಇರುವ ಕಡೆ ನ್ಯೂಟ್ರಲ್, ನ್ಯೂಟ್ರಲ್ ಇರುವ ಕಡೆ ಫೇಸ್ ಕೊಟ್ಟರೆ ಇಸ್ತ್ರಿ ಮೊದಲಾಗುತ್ತದೆ, ಬಲ್ಬ್ ಆಮೇಲೆ. ಆಗಲೂ ಬಲ್ಬೇ ಬೆಳಗುತ್ತದೆ, ಇಸ್ತ್ರಿ ತಣ್ಣಗೇ ಇರುತ್ತದೆ. ಒಂದು ಚೂರೂ ವ್ಯತ್ಯಾಸ ಇಲ್ಲ. ಮನೆಯಲ್ಲಿ ಮಾತ್ರ ಇದನ್ನು ಮಾಡಬೇಡಿ. ಹೋಲ್ಡರಿನಲ್ಲಿ 230 ವೋಲ್ಟ್ ಇರುತ್ತದೆ, ಪಾಠ ಕಲಿಯುವುದಕ್ಕೆ ಅದು ಬೇಕಾಗಿಲ್ಲ.

ಬಳ್ಳಾರಿ_ಬಿಇ
ಲೆಕ್ಕ ನಾನು ಹಾಕುತ್ತೇನೆ, ಸೂತ್ರ ಬೇಡ ಅಂದವರು ಕಣ್ಣು ಮುಚ್ಚಿಕೊಳ್ಳಿ.

230ರ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ರೋಧ ಬರುತ್ತದೆ. 100 ವ್ಯಾಟಿನ ಬಲ್ಬ್ 529 ಓಮ್, 1000 ವ್ಯಾಟಿನ ಇಸ್ತ್ರಿ 52.9 ಓಮ್. ಒಟ್ಟು ಸುಮಾರು 582. ಕರೆಂಟ್ 0.395 ಆಂಪಿಯರ್, ಎರಡರಲ್ಲೂ ಅದೇ. ಬಲ್ಬಿನ ಪಾಲಿಗೆ 209 ವೋಲ್ಟ್, ಇಸ್ತ್ರಿ ಪಾಲಿಗೆ 21. ವ್ಯಾಟಿನಲ್ಲಿ ಹೇಳಿದರೆ ಬಲ್ಬಿಗೆ 82, ಇಸ್ತ್ರಿಗೆ 8 ಚಿಲ್ಲರೆ. 8 ವ್ಯಾಟಿನಲ್ಲಿ ಯಾವ ಅಂಗಿಯ ಸುಕ್ಕೂ ಹೋಗುವುದಿಲ್ಲ.

ಕರೆಂಟ್ ಒಂದೇ ಇದ್ದಾಗ ಯಾರ ರೋಧ ಜಾಸ್ತಿಯೋ ಅವರಲ್ಲಿ ಶಕ್ತಿ ಜಾಸ್ತಿ ಇಳಿಯುತ್ತದೆ. ಜಾಗದ ಪ್ರಶ್ನೆ ಅಲ್ಲ, ರೋಧದ ಪ್ರಶ್ನೆ.

ಕೊಪ್ಪಳ_ಪಾಸಾದ್ರೆ_ಸಾಕು
ಅಣ್ಣಾ, 40 ವ್ಯಾಟ್ ಮತ್ತು 100 ವ್ಯಾಟ್ ಬಲ್ಬ್ ಸರಣಿಯಲ್ಲಿದ್ದರೆ ಯಾವುದು ಜೋರಾಗಿ ಉರಿಯುತ್ತದೆ? ಟ್ಯೂಷನ್ನಿನಲ್ಲಿ ಕೇಳಿದ್ದರು, ಪರೀಕ್ಷೆಗೆ ಬರುತ್ತಂತೆ.

ಬಳ್ಳಾರಿ_ಬಿಇ
40. ಅದರ ರೋಧ 1322 ಓಮ್. ಲೆಕ್ಕದ ಪ್ರಕಾರ 40ಕ್ಕೆ 20 ವ್ಯಾಟ್, 100ಕ್ಕೆ 8 ವ್ಯಾಟ್. ನಿಜದಲ್ಲಿ 100ರದ್ದು ಇನ್ನೂ ಮಂಕು. ಯಾಕೆ ಅಂತ ಮಾಸ್ತರ್ ಹೇಳಲಿ.

ಕೊಪ್ಪಳ_ಪಾಸಾದ್ರೆ_ಸಾಕು
ಯಾಕೆ ಅನ್ನೋದು ಪರೀಕ್ಷೆಗೆ ಬೇಡ ಅಣ್ಣಾ. ಥ್ಯಾಂಕ್ಸ್.

ಕುಷ್ಟಗಿ_ಮಾಸ್ತರ್
ಇಂಥವರಿಗೇ ಪಾಠ ಮಾಡಿ ನನ್ನ ತಲೆ ನರೆತಿದೆ.

ಸಿಂಧನೂರಿನ ತಾಯಿಗೆ: ಮಾತಿನಲ್ಲಿ ಇದು ಮುಗಿಯುವುದಿಲ್ಲ, ಅಳೆದು ನೋಡಲಿ. ಎರಡು ಪೆನ್ಸಿಲ್ ಸೆಲ್, ಅಂದರೆ 3 ವೋಲ್ಟ್. ಎರಡು ಹಳೇ ಟಾರ್ಚ್ ಬಲ್ಬ್. ಒಂದು ಸಾದಾ ಮಲ್ಟಿಮೀಟರ್. ಬಲ್ಬ್ ಕೊಳ್ಳುವಾಗ ಎಚ್ಚರ, ಈಗ ಅಂಗಡಿಯವರು ಎಲ್‌ಇಡಿ ಕೊಟ್ಟುಬಿಡುತ್ತಾರೆ. ಬಿಳಿ ಎಲ್‌ಇಡಿ ಹತ್ತುವುದಕ್ಕೆ ಒಂದಕ್ಕೇ 3 ವೋಲ್ಟ್ ಹತ್ತಿರ ಬೇಕು. ಎರಡನ್ನು ಸರಣಿಯಲ್ಲಿ ಹಾಕಿದರೆ ಹತ್ತುವುದೇ ಇಲ್ಲ, ಮಗು ಹೆದರಿಬಿಡುತ್ತದೆ. ಒಳಗೆ ತಂತಿ ಕಾಣುವ ಬಲ್ಬೇ ಬೇಕು.

ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಬದಲಾಯಿಸಿಕೊಂಡು, ಸುತ್ತನ್ನು ಒಂದು ಕಡೆ ಕತ್ತರಿಸಿ ಆ ಸಂದಿನಲ್ಲಿ ಮೀಟರ್ ಕೂರಿಸಬೇಕು. ಮೊದಲ ಬಲ್ಬಿನ ಮುಂಚೆ ಒಮ್ಮೆ, ಎರಡರ ನಡುವೆ ಒಮ್ಮೆ, ಎರಡನೇದರ ಆಚೆ ಒಮ್ಮೆ. ವೋಲ್ಟ್ ಅಳೆಯುವ ಹಾಗೆ ಸೆಲ್ಲಿನ ಎರಡು ತುದಿಗೆ ನೇರವಾಗಿ ಮುಟ್ಟಿಸಬಾರದು. ಆಂಪಿಯರ್ ಅಳತೆಯಲ್ಲಿ ಮೀಟರಿನ ರೋಧ ಸೊನ್ನೆಗೆ ಹತ್ತಿರ ಇರುತ್ತದೆ, ಶಾರ್ಟ್ ಮಾಡಿದ ಹಾಗೇ. ನಮ್ಮ ಪ್ರಯೋಗಾಲಯದಲ್ಲಿ ಸತ್ತ ಮೀಟರುಗಳೆಲ್ಲ ಹೀಗೇ ಸತ್ತದ್ದು.

ಶಕ್ತಿನಗರ_ಪಾಳಿ
ರಾತ್ರಿ ಪಾಳಿ ಮುಗಿಸಿ ಬಂದು ಓದುತ್ತಿದ್ದೇನೆ, ನಿದ್ದೆ ಹಾರಿತು. ಇಲ್ಲಿ ರಾಯಚೂರು ಹತ್ತಿರದ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ, ಕೃಷ್ಣಾ ದಂಡೆಯ ಮೇಲೆ, 1985ರಿಂದ ಕಲ್ಲಿದ್ದಲು ಸುಡುತ್ತಿದ್ದಾರೆ. ಈಗ 8 ಘಟಕ, ಒಟ್ಟು 1720 ಮೆಗಾವ್ಯಾಟ್. ಊರಿಗೆ ಹೋದಾಗ "ನೀವು ಮಾಡಿದ ಕರೆಂಟ್ ನಮ್ಮ ಮನೆಗೆ ಬಂತು" ಅಂತ ತಮಾಷೆ ಮಾಡುತ್ತಾರೆ. ನಾವು ಮಾಡಿದ ಒಂದು ಎಲೆಕ್ಟ್ರಾನ್ ಕೂಡ ನಿಮ್ಮ ಮನೆಗೆ ಬರುವುದಿಲ್ಲ. ನಾವು ಎಲೆಕ್ಟ್ರಾನ್ ಮಾಡುವುದೂ ಇಲ್ಲ, ನಿಮ್ಮ ವೈರಿನ ತಾಮ್ರದಲ್ಲಿ ಅವು ಮೊದಲೇ ತುಂಬಿವೆ.

ಮಧ್ಯೆ ಎಷ್ಟು ಟ್ರಾನ್ಸ್‌ಫಾರ್ಮರ್ ಇವೆ ಎಣಿಸಿ. ಇಲ್ಲಿ ವೋಲ್ಟೇಜ್ ಏರಿಸುವುದು, ಸಬ್‌ಸ್ಟೇಷನ್ನಿನಲ್ಲಿ ಇಳಿಸುವುದು, 11 ಸಾವಿರ ವೋಲ್ಟಿನ ಲೈನು, ಕೊನೆಗೆ ನಿಮ್ಮ ಓಣಿಯ ಟಿಸಿ, ಅಂದರೆ ಓಣಿಯ ಟ್ರಾನ್ಸ್‌ಫಾರ್ಮರ್. ಇವುಗಳಲ್ಲಿ ಹೆಚ್ಚಿನವುಗಳ ಒಳಗೆ ಎರಡು ಸುರುಳಿ ಬೇರೆ ಬೇರೆ, ಒಂದರ ತಂತಿ ಇನ್ನೊಂದಕ್ಕೆ ತಾಗಿರುವುದಿಲ್ಲ. ನಡುವೆ ದಾಟುವುದು ಬರೀ ಕಾಂತಕ್ಷೇತ್ರ. ಶಕ್ತಿ ದಾಟುತ್ತದೆ, ಎಲೆಕ್ಟ್ರಾನ್ ಅಲ್ಲೇ ಉಳಿಯುತ್ತದೆ. ಯಜಮಾನರಿಗೆ ಇದನ್ನು ಹೇಳಿ.

ಬಳ್ಳಾರಿ_ಬಿಇ
ಎಲೆಕ್ಟ್ರಾನಿನ ವೇಗವೂ ತಮಾಷೆ. 1 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿದರೆ ಎಲೆಕ್ಟ್ರಾನುಗಳ ಸರಾಸರಿ ನಡಿಗೆ ಸೆಕೆಂಡಿಗೆ 0.07 ಮಿಲಿಮೀಟರ್. ಒಂದು ಮೀಟರ್ ದಾಟುವುದಕ್ಕೆ ಹತ್ತಿರ ಹತ್ತಿರ ನಾಲ್ಕು ಗಂಟೆ. ಅದೂ ಸೆಲ್ಲಿನ ಸರ್ಕೀಟಿನಲ್ಲಿ. ಮನೆಗೆ ಬರುವ ಎಸಿ ಕರೆಂಟಿನಲ್ಲಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟಿನಲ್ಲಿ, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗಿಬರುವುದಷ್ಟೇ, ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ದೂರ. ಸ್ವಿಚ್ ಒತ್ತಿದ ಕೂಡಲೇ ದೀಪ ಹತ್ತುವುದು ಎಲೆಕ್ಟ್ರಾನ್ ಓಡಿ ಬಂದದ್ದರಿಂದಲ್ಲ. ತಂತಿಯುದ್ದಕ್ಕೂ ಇರುವ ಎಲ್ಲವಕ್ಕೂ ತಳ್ಳುವ ಕ್ಷೇತ್ರ ಬೆಳಕಿಗೆ ಹತ್ತಿರದ ವೇಗದಲ್ಲಿ ಮುಟ್ಟುತ್ತದೆ, ಎಲ್ಲವೂ ಒಟ್ಟಿಗೆ ಅಲುಗುತ್ತವೆ.

ಸಿಂಧನೂರು_ಅಮ್ಮ
ಅಳೆದಾಯಿತು! ಟಾರ್ಚ್ ಬಲ್ಬಿಗಾಗಿ ಬಜಾರೆಲ್ಲ ಸುತ್ತಿ, ಕೊನೆಗೆ ಹಳೇ ಸೈಕಲ್ ಅಂಗಡಿಯಲ್ಲಿ ಸಿಕ್ಕಿತು. ಮಗಳು ಮೀಟರ್ ಹಿಡಿದಳು, ಅವಳ ಅಪ್ಪ ಓದಿದರು. ಯಾರೂ ಮೋಸ ಮಾಡಬಾರದಲ್ಲ. ಮೊದಲ ಬಲ್ಬಿನ ಮುಂಚೆ 0.21 ಆಂಪಿಯರ್. ನಡುವೆ 0.21. ಆಚೆ 0.21. ಅವರು ಸೆಲ್ ತಿರುಗಿಸಿ ಹಾಕಿ ಮತ್ತೆ ಓದಿದರು. ಅದೇ, ಮುಂದೆ ಒಂದು ಮೈನಸ್ ಗುರುತು ಬಂತು ಅಷ್ಟೇ.

ಈಗ ಅವರದು ಹೊಸ ತಕರಾರು. ಒಂದೇ ಬಲ್ಬ್ ಇದ್ದಾಗ 0.30 ತೋರಿಸಿತ್ತು. ಎರಡಾದರೆ ರೋಧ ಎರಡು ಪಟ್ಟು, ಕರೆಂಟ್ ಅರ್ಧ, ಅಂದರೆ 0.15 ಬರಬೇಕಿತ್ತು. 0.21 ಯಾಕೆ ಬಂತು? "ನಿಮ್ಮ ಮಾಸ್ತರನ್ನೇ ಕೇಳು" ಅಂದರು.

ಕುಷ್ಟಗಿ_ಮಾಸ್ತರ್
ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ. ಈ ಪ್ರಶ್ನೆಯನ್ನು ಕ್ಲಾಸಿನಲ್ಲಿ ಯಾರೂ ಕೇಳುವುದಿಲ್ಲ, ಯಾಕೆಂದರೆ ಅರ್ಧ ಬರಲಿಲ್ಲ ಅಂದರೆ ಮಕ್ಕಳು ಅರ್ಧ ಅಂತಲೇ ಬರೆದುಕೊಳ್ಳುತ್ತಾರೆ.

ವೋಲ್ಟೇಜ್ ಏರಿದಷ್ಟೇ ಪ್ರಮಾಣದಲ್ಲಿ ಕರೆಂಟೂ ಏರುತ್ತದೆ ಅನ್ನುವ, ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವನ್ನು ಪುಸ್ತಕ ಹೇಳುವಾಗ ಉಷ್ಣತೆ ಬದಲಾಗದಿದ್ದರೆ ಎಂಬ ಷರತ್ತು ಇರುತ್ತದೆ. ಎಲ್ಲರೂ ಅದನ್ನು ಹಾರಿಸಿ ಓದುತ್ತಾರೆ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಪೂರ್ತಿ ಉರಿಯುವಾಗ 2000 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರುತ್ತದೆ. ಲೋಹ ಕಾದಷ್ಟೂ ಅದರ ರೋಧ ಏರುತ್ತದೆ. ತಣ್ಣಗಿರುವ ಬಲ್ಬಿನ ರೋಧ ಉರಿಯುವಾಗಿನ ರೋಧದ ಹತ್ತನೇ ಒಂದು ಭಾಗದ ಆಸುಪಾಸು. ನಿಮ್ಮ ಎರಡು ಬಲ್ಬುಗಳು ಮಂಕಾಗಿ ಉರಿದವು, ತಂತಿ ಅಷ್ಟು ಕಾಯಲಿಲ್ಲ. ಹಾಗಾಗಿ ಒಂದೊಂದರ ರೋಧವೂ ಇಳಿಯಿತು, ಒಟ್ಟು ರೋಧ ಎರಡು ಪಟ್ಟು ಆಗಲಿಲ್ಲ. ಅದಕ್ಕೇ ಕರೆಂಟ್ ಅರ್ಧಕ್ಕಿಂತ ಜಾಸ್ತಿ. ಮೇಲೆ 100 ವ್ಯಾಟಿನ ಬಲ್ಬ್ ಲೆಕ್ಕಕ್ಕಿಂತ ಮಂಕು ಅಂದದ್ದೂ ಇದೇ ಕಾರಣಕ್ಕೆ. ಅದು ಕಾಯಲೇ ಇಲ್ಲ, ರೋಧ ಇಳಿದುಹೋಯಿತು, ಅದರ ಪಾಲಿನ ವೋಲ್ಟೇಜ್ ಇನ್ನೂ ಕುಗ್ಗಿತು.

ಅರ್ಧವೇ ಬರುವುದನ್ನು ನೋಡಬೇಕೆಂದರೆ ಬಲ್ಬ್ ಬಿಟ್ಟು ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಗುವ 100 ಓಮಿನ ರೆಸಿಸ್ಟರ್ ಎರಡು ತನ್ನಿ. ಅವು ಅಷ್ಟು ಬಿಸಿ ಆಗುವುದಿಲ್ಲ, ಲೆಕ್ಕ ಕೂಡುತ್ತದೆ. ಕರೆಂಟ್ ಕಡಿಮೆ ಇರುವುದರಿಂದ ಆಗ ಮೀಟರಿನ ಮಿಲಿಆಂಪಿಯರ್ ಅಳತೆ ಬಳಸಿ.

ಮಾನ್ವಿ_ಕೊನೆಭಾಗ
0.21 ಮೂರು ಕಡೆ. ಸರಿ. ಹಾಗಾದರೆ ನನ್ನ ಹೊಲದ ಕಥೆಗೆ ಉತ್ತರ ಕೊಡಿ. ಮನೆ ಹತ್ತಿರದ ಬೋರ್ಡಿನಲ್ಲಿ 230 ವೋಲ್ಟ್ ಚೆನ್ನಾಗಿ ತೋರಿಸುತ್ತದೆ. ಅಲ್ಲಿಂದ 300 ಮೀಟರ್ ದೂರದ ಬಾವಿಗೆ ವೈರ್ ಎಳೆದಿದ್ದೇನೆ, 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ತಿರುಗಿದರೂ ಮೈ ಸುಡುತ್ತದೆ. ಒಂದು ಸಲ ಸುಟ್ಟು, ಕಟ್ಟಿಸಿಕೊಂಡು ಬಂದೆ. ಕರೆಂಟ್ ಎಲ್ಲ ಕಡೆ ಒಂದೇ ಅಂದ ಮೇಲೆ ದೂರಕ್ಕೂ ಇದಕ್ಕೂ ಏನು ಸಂಬಂಧ?

ವೈಂಡಿಂಗ್_ಗಂಗಾವತಿ
ವೈರ್ ಯಾವ ಸೈಜು ಅಣ್ಣಾ?

ಮಾನ್ವಿ_ಕೊನೆಭಾಗ
ಎರಡೂವರೆ. ತಾಮ್ರದ್ದೇ, ಒಳ್ಳೇದು ಅಂತ ಕೊಟ್ಟರು.

ಬಳ್ಳಾರಿ_ಬಿಇ
ನಿಮ್ಮ ವೈರೂ ಸರಣಿಯಲ್ಲಿ ಕೂತಿರುವ ಒಂದು ರೋಧ ಅಣ್ಣಾ. ಹೋಗುವುದು 300, ಬರುವುದು 300, ಒಟ್ಟು 600 ಮೀಟರ್. ಎರಡೂವರೆ ಚದರ ಮಿಲಿಮೀಟರ್ ತಾಮ್ರಕ್ಕೆ 4.1 ಓಮ್ ಬರುತ್ತದೆ. ಮೋಟರ್ ಓಡುವಾಗ 7 ಆಂಪಿಯರ್ ಎಳೆಯಿತು ಅಂದುಕೊಳ್ಳಿ. ವೈರಿನಲ್ಲೂ ಅದೇ 7, ಮೋಟರಿನಲ್ಲೂ ಅದೇ 7. ಆದರೆ ವೈರೇ 28 ವೋಲ್ಟ್ ಇಟ್ಟುಕೊಂಡಿತು, ಮೋಟರಿಗೆ ಉಳಿದದ್ದು 200 ಚಿಲ್ಲರೆ. 200 ವ್ಯಾಟ್ ಸುಮ್ನೆ ವೈರ್ ಕಾಯಿಸಲಿಕ್ಕೆ ಹೋಯಿತು. ಅದಕ್ಕೂ ಬಿಲ್ ಕಟ್ಟುತ್ತಿದ್ದೀರಿ.

ಸ್ಟಾರ್ಟ್ ಆಗುವಾಗ ಇನ್ನೂ ಕಷ್ಟ. ನಿಂತ ಮೋಟರ್ ಓಡುವಾಗಿನ ಐದಾರು ಪಟ್ಟು ಕರೆಂಟ್ ಕೇಳುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಮೋಟರಿನ ತುದಿಯಲ್ಲಿ 150 ವೋಲ್ಟ್ ಆಸುಪಾಸು ಇರಬಹುದು. ತಿರುಗಿಸುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಬೀಳುತ್ತದೆ, ಅಂದರೆ ಅರ್ಧಕ್ಕಿಂತ ಕಡಿಮೆ. ಗುಂಯ್ ಅನ್ನದೆ ಏನು ಮಾಡೀತು?

ವೈಂಡಿಂಗ್_ಗಂಗಾವತಿ
ಮೈ ಸುಡುವುದಕ್ಕೂ ಅದೇ ಕಾರಣ. ನೀರು ಎತ್ತುವ ಕೆಲಸ ಅಷ್ಟೇ ಇದೆ, ವೋಲ್ಟೇಜ್ ಕಡಿಮೆ, ಹಾಗಾಗಿ ಮೋಟರ್ ಆಂಪಿಯರ್ ಜಾಸ್ತಿ ಎಳೆಯುತ್ತದೆ. ಆಂಪಿಯರ್ ಜಾಸ್ತಿಯಾದರೆ ವೈರಿನಲ್ಲಿ ಇನ್ನಷ್ಟು ವೋಲ್ಟ್ ಹೋಗುತ್ತದೆ. ಬೇಸಿಗೆಯಲ್ಲಿ ನಮ್ಮಲ್ಲಿ ಸುಟ್ಟು ಬರುವ ಮೋಟರುಗಳಲ್ಲಿ ಬಹಳಷ್ಟು ಇವೇ. ಬಿಚ್ಚಿದರೆ ಸುರುಳಿಯ ವಾರ್ನಿಷ್ ಒಂದೇ ಸಮ ಕಪ್ಪಾಗಿರುತ್ತದೆ. ಒಂದೇ ಕಡೆ ಕರಗಿದ್ದರೆ ಶಾರ್ಟ್, ಸುತ್ತಲೂ ಸಮನಾಗಿ ಕಪ್ಪಾಗಿದ್ದರೆ ಲೋ ವೋಲ್ಟೇಜ್ ಅಥವಾ ಲೋಡ್ ಜಾಸ್ತಿ. ಕಟ್ಟಿಸಿಕೊಂಡು ಹೋಗಿ ಅದೇ ವೈರಿಗೆ ಹಾಕಿದರೆ ಮತ್ತೆ ಬರುತ್ತೀರಿ.

ಶಕ್ತಿನಗರ_ಪಾಳಿ
ಇದೇ ಲೆಕ್ಕ ದೊಡ್ಡದಾದರೆ ನಮ್ಮ ಲೈನು. ವೈರಿನಲ್ಲಿ ಕಳೆಯುವುದು ಆಂಪಿಯರಿನ ವರ್ಗಕ್ಕೆ ತಕ್ಕಂತೆ. ವೋಲ್ಟೇಜ್ ಹತ್ತು ಪಟ್ಟು ಏರಿಸಿದರೆ ಅದೇ ಶಕ್ತಿಗೆ ಆಂಪಿಯರ್ ಹತ್ತನೇ ಒಂದು ಭಾಗ, ಕಳೆಯುವುದು ನೂರನೇ ಒಂದು ಭಾಗ. ಅದಕ್ಕೇ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ ಲೈನು 7 ಲಕ್ಷ 65 ಸಾವಿರ ವೋಲ್ಟಿನದು. 2013ರ ಡಿಸೆಂಬರ್ 31ರಂದು ಅದು ಚಾಲೂ ಆದ ಮೇಲೆ ದಕ್ಷಿಣದ ಗ್ರಿಡ್, ಅಂದರೆ ವಿದ್ಯುತ್ ಜಾಲ, ಉಳಿದ ದೇಶದ ಗ್ರಿಡ್ ಜೊತೆ ಒಂದೇ ತಾಳಕ್ಕೆ ಬಂತು. ನಮ್ಮ ಊರಿನ ಮೇಲೆ ಹಾದುಹೋಗಿದೆ, ನಮ್ಮವರಿಗೇ ಗೊತ್ತಿಲ್ಲ.

ಮಾನ್ವಿ_ಕೊನೆಭಾಗ
ಸಾವಿರಗಟ್ಟಲೆ ವೋಲ್ಟ್ ನನ್ನ ಕೈಲಾಗದು. ನಾನು ಏನು ಮಾಡಲಿ ಹೇಳಿ.

ವೈಂಡಿಂಗ್_ಗಂಗಾವತಿ
ತಾಮ್ರ ಆದರೆ 6 ಹಾಕಿ. ದುಬಾರಿ ಅನ್ನಿಸಿದರೆ ಅಲ್ಯೂಮಿನಿಯಂ 10, ಎರಡೂ ಹೆಚ್ಚೂಕಡಿಮೆ ಒಂದೇ ರೋಧ, 1.7 ಓಮ್. 28 ಹೋಗುತ್ತಿದ್ದ ಕಡೆ 12 ವೋಲ್ಟ್ ಹೋಗುತ್ತದೆ. ಅಲ್ಯೂಮಿನಿಯಂ ಆದರೆ ತುದಿಗೆ ಲಗ್, ಅಂದರೆ ಒತ್ತಿ ಕೂರಿಸುವ ಲೋಹದ ಕೊಂಡಿ, ಹಾಕಿಸಿ, ಸುಮ್ನೆ ಹೊಸೆದು ಟೇಪ್ ಸುತ್ತಬೇಡಿ. ಹಾಗೇ ಮೋಟರ್ ಶುರುವಾಗಲು ನೂಕು ಕೊಡುವ ಕಂಡೆನ್ಸರ್ ಒಮ್ಮೆ ಚೆಕ್ ಮಾಡಿಸಿ. ಅದು ಸೋತಿದ್ದರೂ ಮೋಟರ್ ಹೀಗೇ ಗುಂಯ್ ಅನ್ನುತ್ತದೆ.

ಸಿಂಧನೂರು_ಅಮ್ಮ
ಮಗಳು ಕೇಳುತ್ತಿದ್ದಾಳೆ: ಈಗಿರುವ ವೈರ್ ತೆಗೆಯದೆ, ಅದೇ ಸೈಜಿನ ಇನ್ನೊಂದು ಎಳೆದು ಸಮಾಂತರವಾಗಿ ಜೋಡಿಸಿದರೆ ರೋಧ ಅರ್ಧ ಆಗಲ್ವಾ?

ಬಳ್ಳಾರಿ_ಬಿಇ
ಆಗುತ್ತದೆ ತಂಗಿ. 4.1 ಇದ್ದದ್ದು 2.05. ಇಳಿಯುವುದು 14 ವೋಲ್ಟ್. ಹಳೇ ವೈರೂ ವ್ಯರ್ಥ ಆಗುವುದಿಲ್ಲ.

ವೈಂಡಿಂಗ್_ಗಂಗಾವತಿ
ಲೆಕ್ಕ ಸರಿ ಇದೆ ಮಗಾ. ಹೊಲದಲ್ಲಿ ಒಂದು ತೊಂದರೆ ಇದೆ. ಎರಡರಲ್ಲಿ ಒಂದರ ಜಾಯಿಂಟ್ ಸಡಿಲವಾದರೂ ಮೋಟರ್ ನಿಲ್ಲುವುದಿಲ್ಲ, ಪೂರ್ತಿ ಆಂಪಿಯರ್ ಉಳಿದ ಒಂದರ ಮೇಲೆ ಬೀಳುತ್ತದೆ. ಸುಟ್ಟ ವಾಸನೆ ಬರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಎರಡು ತುದಿಯಲ್ಲೂ ಪೆಟ್ಟಿಗೆ ಇಟ್ಟು, ಲಗ್ ಹಾಕಿ, ಬೋಲ್ಟ್ ಬಿಗಿದು, ಮಳೆಗಾಲದ ಮುಂಚೆ ಒಮ್ಮೆ ಮೇನ್ ತೆಗೆದು ಬಿಚ್ಚಿ ನೋಡುವುದಾದರೆ ಮಾಡಿ. ಆಗಲ್ಲ ಅನ್ನುವವರು 6 ಎಳೆಯುವುದೇ ಒಳ್ಳೆಯದು.

ಮಾನ್ವಿ_ಕೊನೆಭಾಗ
6ರ ರೇಟ್ ಕೇಳಿಕೊಂಡು ಬರುತ್ತೇನೆ. ಕಂಡೆನ್ಸರ್ ನಾಳೆಯೇ ನೋಡಿಸುತ್ತೇನೆ, ಅದು ಅಗ್ಗ.